ಮುಚ್ಚಿರಲಿ, ಬಿಚ್ಚಿರಲಿ

ಹಾನುಬಾಳಿನ ಬಸ್ ನಿಲ್ಲುವ ಜಾಗದಿಂದ ಸ್ವಲ್ಪ ಮುಂದೆ, ಕೋಳಿ ಅಂಗಡಿಗೆ ಅಂಟಿಕೊಂಡಂತೆ ನನ್ನ ಹೊಲಿಗೆ ಅಂಗಡಿ ಇದೆ. ಎಸ್ಟೇಟ್ ಬಂಗಲೆಯ ಹೆಂಗಸರಿಂದ ಹಿಡಿದು ಕೂಲಿಯವರ ಲೈನ್ ಮನೆಯ ಹುಡುಗಿಯರವರೆಗೆ ಸುತ್ತಿನ ಎಲ್ಲರ ಬೆನ್ನಿನ ಅಳತೆಯೂ ನನಗೆ ಗೊತ್ತು. ಯಾರು ದಪ್ಪಗಾದರು, ಯಾರು ಸೊರಗಿದರು, ಯಾರಿಗೆ ಮದುವೆ ಗೊತ್ತಾಯಿತು ಎಂಬುದು ಟೇಪು ಹಿಡಿದ ಕೂಡಲೇ ತಿಳಿಯುತ್ತದೆ. ಆದರೆ ನಲವತ್ತು ದಾಟಿದ ಮೇಲೆ ಕೆಲವು ವರ್ಷ, ಅವರು ಬಾಯಿಬಿಟ್ಟು ಏನು ಹೇಳುತ್ತಿದ್ದಾರೆ ಎಂಬುದೊಂದೇ ನನಗೆ ತಿಳಿಯುತ್ತಿರಲಿಲ್ಲ.

ಕಿವಿ ಒಂದೇ ದಿನ ಕೆಟ್ಟದ್ದಲ್ಲ. ಹಾಗೆ ಕೆಟ್ಟಿದ್ದರೆ ಊರಿಗೆಲ್ಲ ಹೇಳಿಕೊಂಡು ಅತ್ತು ಹಗುರಾಗುತ್ತಿದ್ದೆನೇನೋ. ಅದು ಮನೆಯಿಂದ ದಿನಕ್ಕೊಂದು ಚಮಚ ಕದಿಯುವ ಜಾಣ ಕಳ್ಳನ ಹಾಗೆ ಕೆಲಸ ಮಾಡಿತು. ಮೊದಲು ಕುಕ್ಕರಿನ ಸೀಟಿ ಹೋಯಿತು; ಅನ್ನ ಗಂಜಿಯಾದಾಗಲೆಲ್ಲ ನಾನು ಅಕ್ಕಿಯನ್ನು ಬೈದೆ. ಆಮೇಲೆ ಮೊಬೈಲು ಬಡಿದುಕೊಳ್ಳುವುದು ನಿಂತಿತು, ಟವರನ್ನು ಬೈದೆ. ಬೆಳಗಿನ ಹಕ್ಕಿಗಳೂ ಹೋದವು. ಕಾಡು ಕಡಿದರಲ್ಲ, ಅದಕ್ಕೇ ಈ ಕಡೆ ಹಕ್ಕಿ ಬರುವುದೇ ಇಲ್ಲ ಎಂದು ಗಂಡನ ಜೊತೆ ಗಂಭೀರವಾಗಿ ಚರ್ಚೆ ಮಾಡಿದೆ. ಆ ಹೊತ್ತಿಗೆ ಸರಿಯಾಗಿ ನಮ್ಮ ತಲೆಯ ಮೇಲಿನ ಸಿಲ್ವರ್ ಓಕ್ ಮರದಲ್ಲಿ ಅವು ಸಂತೆ ನೆರೆಸಿದ್ದವಂತೆ. ಗಂಡ ಮೇಲೆ ನೋಡಿದರು, ನನ್ನನ್ನು ನೋಡಿದರು, ತೋಟದ ಕಡೆ ನಡೆದರು.

ಕೇಳಿಸದ ಮಾತಿಗೆಲ್ಲ ನನ್ನ ಹತ್ತಿರ ಒಂದು ಉತ್ತರವಿತ್ತು: ಹೂಂ. ಎದುರಿನವರು ಹುಬ್ಬೇರಿಸಿದರೆ ಹೂಂ. ನಕ್ಕರೆ ನನ್ನದೂ ನಗು. ನಿಟ್ಟುಸಿರು ಬಿಟ್ಟರೆ ‘ಏನ್ ಮಾಡಕಾಯ್ತದೆ ಬಿಡಿ’. ಇಷ್ಟರಲ್ಲೇ ಇಡೀ ಸಂಸಾರ ಸಾಗಿಸಬಹುದು ಎಂದರೆ ನೀವು ನಂಬುವುದಿಲ್ಲ. ಸಣ್ಣಪುಟ್ಟ ನಷ್ಟಗಳಾಗುತ್ತಿದ್ದವು. ಹೀಗೆ ಒಮ್ಮೆ ಹೂಂ ಅಂದದ್ದಕ್ಕೆ ಮರುದಿನ ಎರಡು ಬೆಕ್ಕಿನ ಮರಿಗಳು ಚೀಲದಲ್ಲಿ ನಮ್ಮ ಮನೆಗೆ ಬಂದವು. ಇನ್ನೊಮ್ಮೆ ಆನೇಮಹಲಿನ ಗಿರಾಕಿಯೊಬ್ಬಳು ಏನೋ ಹೇಳಿದಳು, ಮುಖದಲ್ಲಿ ನಗುವಿನಂಥದ್ದೇನೋ ಕಂಡಿತು, ನಾನು ಧಾರಾಳವಾಗಿ ನಕ್ಕು, “ಸದ್ಯ, ಒಳ್ಳೇದಾಯ್ತು ಬಿಡು!” ಎಂದೆ. ಅವಳು ಹೇಳಿದ್ದು ಮಾವ ತೀರಿಹೋದ ಸುದ್ದಿ. ನನ್ನ ಪುಣ್ಯಕ್ಕೆ ಅವಳು ಕಣ್ಣೊರೆಸಿಕೊಂಡು, “ಹೂಂ ಕಣಕ್ಕ, ಭಾಳ ನರಳ್ತಿದ್ರು, ನೀನೊಬ್ಬಳೇ ನೋಡು ನಿಜ ಹೇಳ್ದೋಳು,” ಎಂದಳಂತೆ. ಇದನ್ನು ನನಗೆ ಆಮೇಲೆ ಕೋಳಿ ಅಂಗಡಿಯವನು ಅವಳ ಹಾಗೇ ಕೈ ಬಾಯಿ ಆಡಿಸಿ ತೋರಿಸಿದ.

ಎಲ್ಲರೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡ ಕಾಲ ಬಂತಲ್ಲ, ಆಗ ಜಗತ್ತಿಗೆ ಕಷ್ಟವಾಯಿತು, ನನಗೆ ಮಾತ್ರ ಒಂದು ಬಗೆಯ ಹಬ್ಬ. ಯಾರ ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲ. ಇಡೀ ಹಾನುಬಾಳು “ಆಂ?” “ಏನಂದ್ರಿ?” “ಜೋರಾಗೇಳಿ” ಎನ್ನುತ್ತಿತ್ತು. ನಾನೂ ಎಲ್ಲರ ಜೊತೆ ಎದೆಯುಬ್ಬಿಸಿ “ಆಂ?” ಎಂದೆ. ಮಾಸ್ಕ್ ಬಿಚ್ಚಿದ ಮೇಲೆ ಎಲ್ಲರೂ ಸರಿಹೋದರು, ನಾನೊಬ್ಬಳೇ ಉಳಿದೆ. ಅಷ್ಟೇ ಅಲ್ಲ, ಜನ ಬಾಯಿ ಮುಚ್ಚಿಕೊಂಡಿದ್ದಾಗ ನನಗೆ ಒಂದಕ್ಷರವೂ ದಕ್ಕುತ್ತಿರಲಿಲ್ಲವಲ್ಲ, ಅಂದರೆ ನಾನು ಇಷ್ಟು ದಿನ ಕೇಳುತ್ತಿದ್ದುದು ಕಿವಿಯಿಂದಲ್ಲ, ಕಣ್ಣಿಂದ ಎಂಬುದು ಆಗ ಗೊತ್ತಾಯಿತು. ನಾನು ತುಟಿ ಓದುತ್ತಿದ್ದೆ. ಅದಕ್ಕಾಗಿಯೇ ಗಿರಾಕಿಗಳನ್ನು ನನಗೇ ತಿಳಿಯದಂತೆ ಬಾಗಿಲ ಬೆಳಕಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದೆ.

ಎಲ್ಲರ ತುಟಿಯನ್ನೂ ಓದಬಹುದಿತ್ತು, ನನ್ನ ಗಂಡನದನ್ನು ಬಿಟ್ಟು. ನನ್ನ ಗಂಡನೆಂದರೆ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಒಂದು ಹಳೆಯ ಜೀಪು ಮತ್ತು ಒಂದು ಭಾರಿ ಮೀಸೆ. ಮೇಲ್ದುಟಿಯನ್ನು ದಾಟಿ ಕೆಳದುಟಿಗೂ ನೆರಳು ಕೊಡುವಂಥ ಮೀಸೆ. ಮಾತಾಡುವಾಗ ಪೊದೆಯೊಳಗೆ ಮುಳ್ಳುಹಂದಿ ಮಿಸುಕಿದಂತೆ ಕಾಣುತ್ತಿತ್ತೇ ಹೊರತು ಒಂದು ಪದವೂ ಹೊರಗೆ ಬರುತ್ತಿರಲಿಲ್ಲ. ಹಾಗಾಗಿ ನಾನು ಅವರ ಮಾತಿಗೆ ಹೂಂ ಎನ್ನುವುದನ್ನೂ ಬಿಟ್ಟೆ. ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದೆ.

ಹೇಳಿಬಿಟ್ಟರೆ ಏನಾಗುತ್ತಿತ್ತು ಎಂದು ಕೇಳುತ್ತೀರಿ. ನಾನು ಹುಟ್ಟಿದ ಆಲೂರು ಕಡೆಯ ಊರಿನಲ್ಲಿ ಕಿವಿ ಕೇಳದ ಒಬ್ಬ ಅಜ್ಜಿಯಿದ್ದರು. ಅವರ ಎದುರೇ ಅವರ ವಿಷಯ ಆಡಿಕೊಳ್ಳುತ್ತಿದ್ದರು. ಊಟಕ್ಕೆ ಕೂತಾಗ ಅವರನ್ನು ಕೇಳದೆಯೇ ಅವರ ಎಲೆಗೆ ಬಡಿಸುತ್ತಿದ್ದರು. ಬೇಕೋ ಬೇಡವೋ ಎಂಬ ಪ್ರಶ್ನೆಯೇ ಅವರಿಗೆ ಇರಲಿಲ್ಲ. ಆ ಅಜ್ಜಿಗೆ ಹೆಸರಿತ್ತು, ಆದರೆ ಊರಿಗೆಲ್ಲ ಅವರು ‘ಕಿವುಡಿ’. ನನಗೆ ಹಾಗೆ ಆಗುವುದು ಬೇಕಿರಲಿಲ್ಲ. ಅದಕ್ಕಿಂತ ಆಳದಲ್ಲಿ ಇನ್ನೊಂದಿತ್ತು: ಒಬ್ಬರ ಹತ್ತಿರ ಒಂದೇ ಮಾತನ್ನು ಎರಡೆರಡು ಸಲ ಹೇಳಿಸುವಷ್ಟು ದೊಡ್ಡವಳೇ ನಾನು ಎಂಬ ಅನುಮಾನ. ನನ್ನ ಪಾಲಿಗೆ ಬಂದದ್ದು ಒಂದು ಸಲದ ಮಾತು. ಕೇಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಷ್ಟರಲ್ಲಿ ಹೆಡ್‌ಮಿಸ್ ಬಂದರು. ಅರ್ಧ ಹಾನುಬಾಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಎಪ್ಪತ್ತು ದಾಟಿದೆ, ಸೆರಗನ್ನು ಬಲಭುಜದ ಮೇಲೂ ಹೊದ್ದುಕೊಂಡೇ ಓಡಾಡುವ ಹೆಂಗಸು. ಮೊಮ್ಮಗಳ ಮದುವೆ ಆಲೂರಿನಲ್ಲಿ, ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆ, ಅದಕ್ಕೊಂದು ಬ್ಲೌಸು. ಅಳತೆ ತೆಗೆದುಕೊಂಡೆ. ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು. ಅವರ ತುಟಿಯ ಮೇಲೆ ನಾನು ಸ್ಪಷ್ಟವಾಗಿ ಓದಿದೆ: “ಬೆನ್ನು ಪೂರ್ತಿ ಬಿಚ್ಚಿರ್ಲಿ.”

ನನಗೆ ಒಂದು ಗಳಿಗೆ ಗಾಬರಿಯಾಯಿತು. ಆದರೂ ಹೂಂ ಎಂದೆ. ಅವರು ಹೋದ ಮೇಲೆ ಯೋಚಿಸಿದೆ. ಯಾಕಾಗಬಾರದು? ಜೀವನವೆಲ್ಲ ಮಕ್ಕಳ ಮುಂದೆ ಮೈ ತುಂಬ ಹೊದ್ದು ನಿಂತ ಹೆಂಗಸು, ಈಗಲಾದರೂ ಒಂದು ಆಸೆ ಪಡಬಾರದೇ? ಅವರ ಮೇಲೆ ನನಗೆ ಗೌರವ ಇಮ್ಮಡಿಯಾಯಿತು. ಅಷ್ಟು ಇಳಿಸಿದ ಬ್ಲೌಸು ಲಾಡಿಯಿಲ್ಲದೆ ನಿಲ್ಲುವುದಿಲ್ಲವಾದ್ದರಿಂದ ನಾನೇ ಮುತುವರ್ಜಿಯಿಂದ ಲಾಡಿ ಇಟ್ಟೆ. ಲಾಡಿಯ ತುದಿಗೆ ಚಿನ್ನದ ಬಣ್ಣದ ಕುಚ್ಚು ಕಟ್ಟಿದೆ, ಕುಚ್ಚಿಗೆ ಮಣಿ ಪೋಣಿಸಿದೆ. ನನ್ನ ಕೈಯಲ್ಲಿ ಅದುವರೆಗೆ ಅಷ್ಟು ಚೆಂದದ ಬ್ಲೌಸು ಬಂದಿರಲಿಲ್ಲ.

ಹೆಡ್‌ಮಿಸ್ ಬಂದರು, ಬ್ಲೌಸನ್ನು ಎತ್ತಿ ಹಿಡಿದರು, ಹಿಂದಿನಿಂದ ನನ್ನ ಮುಖ ನೋಡಿದರು. ಅಂದರೆ ಬ್ಲೌಸಿನ ಬೆನ್ನಿರಬೇಕಾದ ಜಾಗದ ಮೂಲಕ ನೇರವಾಗಿ ನೋಡಿದರು. ಅಷ್ಟು ಜಾಗವಿತ್ತು.

“ಇದೇನೇ ಇದು?”

“ನೀವೇ ಹೇಳಿದ್ರಲ್ಲ ಮಿಸ್, ಪೂರ್ತಿ ಬಿಚ್ಚಿರ್ಲಿ ಅಂತ.”

“ಮುಚ್ಚಿರ್ಲಿ ಅಂದೆ ಕಣೇ! ಮುಚ್ಚಿರ್ಲಿ!”

‘ಮ’ ಹೇಳುವಾಗಲೂ ‘ಬ’ ಹೇಳುವಾಗಲೂ ತುಟಿಗಳು ಕೂಡಿ ಬಿಡುವುದು ಒಂದೇ ಥರ, ಉಳಿದದ್ದನ್ನು ನಾನೇ ತುಂಬಿಕೊಂಡಿದ್ದೆ ಎಂಬುದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬ್ಲೌಸನ್ನು ಮೇಜಿನ ಮೇಲಿಟ್ಟು ನನ್ನ ಎದುರಿಗೆ ಬಂದರು. ಆಮೇಲೆ ಮೆಲ್ಲಗೆ, ತುಟಿ ಬಿಡಿಸಿ ಕೇಳಿದರು: “ಎಷ್ಟು ದಿವಸದಿಂದ ಹೀಗೆ? ಕಿವಿ?”

“ಕಿವಿಗೇನಾಗೈತೆ? ಪಕ್ಕದಲ್ಲಿ ಕೋಳಿ ಗಲಾಟೆ ಮಿಸ್, ಅದ್ಕೇ,” ಎಂದೆ. ಅದು ಮಂಗಳವಾರ. ಕೋಳಿ ಅಂಗಡಿ ಮುಚ್ಚಿತ್ತು.

ಮಿಸ್ ಬ್ಲೌಸನ್ನು ಕವರಿಗೆ ಹಾಕಿಕೊಂಡು ಹೋದ ಮೇಲೆ ಅಂಗಡಿಗೆ ಬೀಗ ಹಾಕಿ ಮನೆಗೆ ಹೋದೆ. ಕಣದಲ್ಲಿ ಕಾಫಿ ಹರವುತ್ತಿದ್ದ ಗಂಡ ನನ್ನ ಮುಖ ನೋಡಿ ಹತ್ತಿರ ಬಂದರು. ಮೀಸೆ ಅಲುಗಿತು. ಏನೋ ಕೇಳುತ್ತಿದ್ದಾರೆ. ನನಗೆ ಎಲ್ಲಿತ್ತೋ ಅಳು, ಒಮ್ಮೆಲೇ ಬಂತು. “ನಿಮ್ಮ ಮಾತು ನಂಗೆ ಕೇಳಲ್ಲ ಕಣ್ರೀ! ಯಾರದ್ದೂ ಕೇಳಲ್ಲ! ನಿಮ್ಮದಂತೂ ಒಂದಕ್ಷರ ತಿಳಿಯಲ್ಲ!” ಎಂದು ಕಣದ ತುಂಬ ಕೇಳುವ ಹಾಗೆ ಕೂಗಿದೆ.

ಅವರು ಕಾಫಿ ಹರವುವ ಗೋರೆಮಣೆ ಕೆಳಗೆ ಹಾಕಿದರು. ನನ್ನ ಕಿವಿಯ ಹತ್ತಿರವೇ ಬಾಯಿಟ್ಟು ಜೋರಾಗಿ, “ಅಯ್ಯೋ ಮಾರಾಯ್ತಿ, ನೀನು ನನ್ನ ಮೇಲೆ ಮುನಿಸ್ಕೊಂಡಿದ್ದೀಯ ಅಂತ್ಲೇ ನಾನು ತಿಳ್ಕೊಂಡಿದ್ನಲ್ಲೇ,” ಎಂದರು. “ಏನ್ ತಪ್ಪು ಮಾಡ್ಬುಟ್ಟೆ ಅಂತ ಇಷ್ಟು ವರ್ಷದಿಂದ ಯೋಚ್ನೆ ಮಾಡ್ತಾನೇ ಇದ್ದೆ. ಒಂದೂ ಸಿಗ್ಲಿಲ್ಲ.”

ಅಳು ಮತ್ತು ನಗು ಒಟ್ಟಿಗೆ ಬಂದರೆ ಮೂಗಿಗೆ ಭಾರಿ ತೊಂದರೆ. ಇಬ್ಬರೂ ಕಣದ ಕಟ್ಟೆಯ ಮೇಲೆ ಕೂತು ಮೂಗೊರೆಸಿಕೊಂಡೆವು.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದಾಗ ಅಡುಗೆಮನೆಗೆ ಒಬ್ಬ ಅಪರಿಚಿತ ಗಂಡಸು ಬಂದು ನಿಂತ. ಸೌಟು ಎತ್ತಿದೆ. ನೋಡಿದರೆ ಗಂಡ, ಮೀಸೆಯಿಲ್ಲ. ಇಪ್ಪತ್ತೈದು ವರ್ಷ ಬಿಸಿಲು ಕಾಣದ ಮೇಲ್ದುಟಿ ಬೆಳ್ಳಗೆ, ಸುಲಿದ ಬೇಳೆಯ ಹಾಗೆ ಹೊಳೆಯುತ್ತಿತ್ತು. ಆ ತುಟಿ ನಿಧಾನವಾಗಿ ಹೇಳಿತು: “ಈಗ ತಿಳೀತೈತಾ?”

ತಿಳಿಯಿತು. ಚೆನ್ನಾಗಿಯೇ ತಿಳಿಯಿತು. ಆದರೆ ನಮ್ಮ ಕಡೆ ಗಂಡಸು ಇದ್ದಕ್ಕಿದ್ದಂತೆ ಮೀಸೆ ಬೋಳಿಸಿದರೆ ಅದಕ್ಕೆ ಒಂದೇ ಅರ್ಥ: ಮನೆಯಲ್ಲಿ ಸಾವಾಗಿದೆ. ಹಾಲು ಹಾಕಲು ಹೋದ ಇವರನ್ನು ಡೈರಿಯಲ್ಲೇ ತಡೆದು, “ಯಾರು ಹೋದ್ರು ಮಾರಾಯಾ? ನಮಗೊಂದು ಮಾತು ಹೇಳ್ಬಾರ್ದಾ?” ಎಂದು ಕೈ ಹಿಡಿದುಕೊಂಡರಂತೆ. ಇವರು ಸುಳ್ಳು ಹೇಳಲು ಬಾರದ ಮನುಷ್ಯ. “ಯಾರೂ ಹೋಗಿಲ್ಲ. ನನ್ನ ಹೆಂಡ್ತಿ ಕಿವಿ ಹೋಗೈತೆ,” ಎಂದುಬಿಟ್ಟರು.

ಸಂಜೆಯೊಳಗೆ ಹಾನುಬಾಳಿಗೆಲ್ಲ ಗೊತ್ತಾಯಿತು. ನಾನು ಇಷ್ಟು ವರ್ಷ ಮೈಯೆಲ್ಲ ಕಣ್ಣಾಗಿ ಕಾಯ್ದುಕೊಂಡು ಬಂದ ಗುಟ್ಟನ್ನು ಈ ಮನುಷ್ಯ ಹಾಲಿನ ಕ್ಯಾನಿನ ಜೊತೆ ಇಳಿಸಿ ಬಂದಿದ್ದರು. ನಾನು ಅಂಗಡಿ ತೆಗೆಯಲಿಲ್ಲ. ಮನೆಗೆ ಬಂದವರೆಲ್ಲ ಒಂದೊಂದು ಮದ್ದು ತಂದರು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಒಬ್ಬರದು, ಯಾವುದೋ ಎಲೆಯ ರಸ ಇನ್ನೊಬ್ಬರದು. ಒಬ್ಬಾಕೆ ನಾನು ಬೇರೆ ದೇಶದವಳೇನೋ ಎಂಬಂತೆ ಕೈ ಆಡಿಸುತ್ತ, “ಊ...ಟ... ಆ...ಯ್ತಾ?” ಎಂದಳು. ನಾನು ಒಳಗೆ ಹೋಗಿ ಕದ ಹಾಕಿಕೊಂಡೆ. ಇನ್ನು ಮೇಲೆ ಎಲೆಗೆ ಕೇಳದೆಯೇ ಬಡಿಸುತ್ತಾರೆ ಎಂದುಕೊಂಡೆ.

ಕದ ತೆಗೆಸಿದವರು ಹೆಡ್‌ಮಿಸ್. ಬ್ಲೌಸು, ಸೀರೆ ಎರಡೂ ಇದ್ದ ಕವರು ಹಿಡಿದು ಏರು ಹತ್ತಿ ಬಂದಿದ್ದರು. ಉಸ್ಸೆಂದು ಜಗಲಿಯ ಮೇಲೆ ಕೂತು, ನಾನು ಎದುರು ಬರುವವರೆಗೆ ಕಾದು, ಮಾತು ಶುರುಮಾಡಿದರು.

“ಅಂಗಡಿ ಯಾಕೆ ಮುಚ್ಚಿದ್ದೀ?”

“ಎಲ್ರಿಗೂ ಗೊತ್ತಾಗ್ಬುಟ್ತು ಮಿಸ್.”

“ಏನು ಗೊತ್ತಾಯ್ತು? ನೀನು ಹೊಲಿಯೋದು ಕಿವೀಲಿ ಅಂತ್ಲಾ?” ಕವರನ್ನು ನನ್ನ ಮಡಿಲಿಗೆ ಹಾಕಿದರು. “ಮದುವೆ ಹತ್ರ ಬಂತು. ನಿನ್ನ ಕಿವಿ ಹೋದ್ರೆ ಹೋಗ್ಲಿ, ನನ್ನ ಬೆನ್ನು ಮುಚ್ಚು.”

ಆಮೇಲೆ ಏನೋ ಸೇರಿಸಿದರು. ಅಷ್ಟರಲ್ಲಿ ಅವರು ಕೆಮ್ಮಿ ಮುಖ ತಿರುಗಿಸಿದ್ದರಿಂದ ನನಗೆ ಸಿಗಲಿಲ್ಲ. ಹೂಂ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಲು ನಾನು ಪಟ್ಟ ಕಷ್ಟ ಹೆರಿಗೆಯಲ್ಲೂ ಪಟ್ಟಿರಲಿಲ್ಲ.

“ಕೇಳಿಸ್ಲಿಲ್ಲ ಮಿಸ್. ಇನ್ನೊಂದ್ಸಲ ಹೇಳಿ.”

ಆಕಾಶ ಬೀಳಲಿಲ್ಲ. ಅವರು ನನ್ನ ಕಡೆ ತಿರುಗಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿದರು, ಅಷ್ಟೇ. ಬೇಸರವಿಲ್ಲ, ದಯೆಯೂ ಇಲ್ಲ. ಹೇಳಿದ್ದು: “ಆ ಕುಚ್ಚು ಮಾತ್ರ ಹಾಗೇ ಇರ್ಲಿ. ಚೆನ್ನಾಗೈತೆ.”

ಸೀರೆಯ ಒಳಸೆರಗಿನಲ್ಲಿ ಬಟ್ಟೆ ತೆಗೆದು ಬೆನ್ನು ಮುಚ್ಚಿದೆ. ಕುಚ್ಚು ಕುತ್ತಿಗೆಯ ಹಿಂದೆ ತೂಗಾಡಿಕೊಂಡು ಆಲೂರಿನ ಮದುವೆಗೆ ಹೋಯಿತು.

ಅದಾದ ಮೇಲೆ ಗಂಡನ ಜೊತೆ ಹಾಸನಕ್ಕೆ ಹೋದೆ. ಕಿವಿ ಪರೀಕ್ಷೆ ಮಾಡುವ ಕೋಣೆ ಎಂದರೆ ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಪೆಟ್ಟಿಗೆ. ನನ್ನನ್ನು ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿದಾಗ ಒತ್ತಬೇಕು. ಗಾಜಿನ ಆಚೆ ಮಗಳ ವಯಸ್ಸಿನ ಹುಡುಗಿ ಯಂತ್ರದ ಮುಂದೆ ಕೂತಿದ್ದಳು. ನನ್ನನ್ನು ಹಳೆಯ ಬುದ್ಧಿ ಎಲ್ಲಿ ಬಿಟ್ಟೀತು? ಅವಳ ಹೆಗಲು ಅಲುಗಿದಾಗಲೆಲ್ಲ ಒತ್ತಿದೆ. ಎಲ್ಲವೂ ಸರಿಯಾಗಿದೆ ಎಂದು ಒಳಗೊಳಗೇ ಬೀಗಿದೆ. ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು ಬಾಗಿಲು ತೆರೆದಳು.

“ಅಮ್ಮಾ, ನಾನಿನ್ನೂ ಶಬ್ದ ಕೊಟ್ಟೇ ಇಲ್ಲ. ಪೆನ್ ಹುಡುಕ್ತಿದ್ದೆ.”

ನನ್ನ ಮುಖ ಏನಾಯಿತೋ, ಅವಳು ನಗಲಿಲ್ಲ. ನನ್ನ ಮುಂದೆ ಮೊಣಕಾಲೂರಿ ಕೂತು, “ಇದ್ರಲ್ಲಿ ಪಾಸು ಫೇಲು ಇಲ್ಲಮ್ಮ. ಕೇಳ್ಸದೇ ಇದ್ರೆ ಸುಮ್ನೆ ಕೂತಿರಿ. ಅದೂ ಸರಿ ಉತ್ತರಾನೇ,” ಎಂದಳು. ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು.

ಸ್ಪಂಜಿನ ಗೋಡೆಯನ್ನು ನೋಡುತ್ತ ಕೂತೆ. ಓದಲು ಯಾರ ತುಟಿಯೂ ಇಲ್ಲ, ಹಿಂಬಾಲಿಸಲು ಯಾರ ಹೆಗಲೂ ಇಲ್ಲ. ದೂರದಲ್ಲೊಂದು ಸಣ್ಣ ಬೀಪ್ ಬಂದಾಗ ಒತ್ತಿದೆ, ಬಾರದಾಗ ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಹೆಚ್ಚು. ಎಷ್ಟೋ ವರ್ಷದಿಂದ ಹಗಲೆಲ್ಲ ಓಡಿ ಓಡಿ ದಣಿದಿದ್ದೇನೆ ಎಂಬುದು ಹಾಗೆ ಸುಮ್ಮನೆ ಕೂತಾಗ ತಿಳಿಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಗೋಡೆ ತಾನೇ ನೋಡುತ್ತಿದ್ದುದು.

ನರ ಸೊರಗಿದೆ, ಮೊದಲಿನ ಹಾಗೆ ಆಗುವುದಿಲ್ಲ, ಮೆಷಿನ್ ಹಾಕಿಕೊಂಡರೆ ಅನುಕೂಲ ಎಂದರು ಡಾಕ್ಟರು. ಎರಡೂ ಕಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡ ಮೆಷಿನ್ನುಗಳು ಬಂದವು. ಮೊದಲ ದಿನ ನನ್ನ ಚಪ್ಪಲಿಯ ಸದ್ದಿಗೆ ನಾನೇ ಬೆಚ್ಚಿ ಹಿಂದೆ ತಿರುಗಿ ನೋಡಿದೆ. ಹೊಲಿಗೆ ಯಂತ್ರ ಎಣ್ಣೆ ಕಾಣದೆ ಎಷ್ಟು ದಿನದಿಂದ ನರಳುತ್ತಿತ್ತೋ ಪಾಪ. ಗಂಡ ಹಪ್ಪಳ ತಿನ್ನುವ ಶಬ್ದ ಕೇಳಿ, ಈ ಮದುವೆ ಇಷ್ಟು ವರ್ಷ ಬಾಳಿದ್ದು ಬಹುಶಃ ಕಿವಿಯ ಕೃಪೆಯಿಂದ ಎನಿಸಿತು. ಮೀಸೆ ಬೇಕಾದರೆ ಬಿಡಿ ಎಂದೆ. ಎರಡೇ ವಾರಕ್ಕೆ ಪೊದೆ ಮತ್ತೆ ಚಿಗುರಿತು.

ಮೆಷಿನ್ ಬಂದರೂ ಎಲ್ಲವೂ ಸರಿಹೋಗಲಿಲ್ಲ. ಜನ ಸೇರಿದಲ್ಲಿ ಮಾತುಗಳೆಲ್ಲ ಕಲಸಿ ಹುಳಿಯಂತಾಗುತ್ತವೆ. ಆಗ ನಾನು ಬಾಯಿ ಬಿಡಲೇಬೇಕು. ನಮ್ಮ ಮಹಿಳಾ ಸಂಘದ ಸಭೆಗೆ ಒಮ್ಮೆ ಸಕಲೇಶಪುರದಿಂದ ಒಬ್ಬ ಅಧಿಕಾರಿ ಬಂದು ಯಾವುದೋ ಯೋಜನೆಯ ವಿಷಯ ಗಡಗಡನೆ ಓದಿದರು. ನಾನು ಎದ್ದು ನಿಂತೆ. ಮೊದಲು ಸೆರಗನ್ನು ತಲೆಗೆ ಹೊದ್ದು ಮೆಷಿನ್ ಮರೆಮಾಡಬೇಕೆನಿಸಿತು, ಆಮೇಲೆ ಕೂದಲನ್ನು ಕಿವಿಯ ಹಿಂದೆ ಸರಿಸಿದೆ. “ಸಾರ್, ನಂಗೆ ಕಿವಿ ಮಂದ. ನಿಧಾನಕ್ಕೆ, ನಮ್ಮ ಕಡೆ ನೋಡ್ಕೊಂಡು, ಇನ್ನೊಂದ್ಸಲ ಹೇಳಿ,” ಎಂದೆ. ಅವರು ಇನ್ನೊಮ್ಮೆ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು, “ನಮಗೂ ಈಗ್ಲೇ ಕಣ್ರೀ ತಿಳಿದದ್ದು,” ಎಂದಳು. ಅಧ್ಯಕ್ಷೆಯೂ ತಲೆಯಾಡಿಸಿದಳು. ಇಷ್ಟು ವರ್ಷ ಆ ಕೋಣೆಯಲ್ಲಿ ಹೂಂ ಎನ್ನುತ್ತಿದ್ದವಳು ನಾನೊಬ್ಬಳೇ ಅಲ್ಲ ಎಂಬ ವಿಷಯ ತಿಳಿದು ನನಗೆ ಸ್ವಲ್ಪ ಸಿಟ್ಟೇ ಬಂತು.

ಈಗ ಹೊಸ ಗಿರಾಕಿ ಬಂದರೆ ಮೊದಲೇ ಹೇಳಿಬಿಡುತ್ತೇನೆ: ಎದುರು ನಿಲ್ಲಿ, ಮುಖ ನೋಡಿ ಮಾತಾಡಿ. ಕೆಲವರು ಕಿರುಚುತ್ತಾರೆ; ಕಿರುಚಬೇಡಿ, ಬಿಡಿಸಿ ಹೇಳಿ ಎನ್ನುತ್ತೇನೆ. ಒಬ್ಬಿಬ್ಬರು ಮುಖ ಸಿಂಡರಿಸಿ ಸಕಲೇಶಪುರದ ಟೈಲರ್ ಹತ್ತಿರ ಹೋದರು. ಹೋಗಲಿ. ಒಮ್ಮೊಮ್ಮೆ ದಣಿವಾದಾಗ ಹಳೆಯ ಹೂಂ ಇಣುಕುತ್ತದೆ. ಮೊನ್ನೆ ಹಾಗೆ ಇಣುಕಿದ್ದಕ್ಕೆ ನಮ್ಮ ಹಿತ್ತಲಿನ ಹಲಸಿನ ಮರದ ಅರ್ಧ ಹಣ್ಣು ಪಕ್ಕದ ಮನೆಗೆ ಹೋಯಿತು.

ಕಳೆದ ತಿಂಗಳು ಅಂಗಡಿಯ ಮುಂದೆ ಒಂದು ದೊಡ್ಡ ಕಾರು ನಿಂತಿತು. ಮಾರನಹಳ್ಳಿ ಕಡೆಯ ಎಸ್ಟೇಟಿನ ಯಜಮಾನರು. ಗಂಡಸರ ಬಟ್ಟೆ ನಾನು ಹೊಲಿಯುವುದಿಲ್ಲ, ಆದರೂ ಇಳಿದು ಬಂದು ಒಂದು ಅಂಗಿ ಮುಂದಿಟ್ಟರು. ಒಂದು ಗುಂಡಿ ಕಿತ್ತಿತ್ತು. ಅದು ತಾನಾಗಿ ಉದುರಿದ್ದಲ್ಲ. ಬಟ್ಟೆಯ ಸಮೇತ ಬೇಕೆಂದೇ ಜಗ್ಗಿ ಕಿತ್ತ ಗುಂಡಿ. ಅಷ್ಟು ದೂರದಿಂದ ಒಂದು ಗುಂಡಿಗೆ ಬಂದಿದ್ದಾರಲ್ಲ ಎಂದು ನಾನು ನೋಡುತ್ತಿರುವಾಗ, ಅವರು ಆಚೆ ಈಚೆ ನೋಡಿ, ಮುಂದೆ ಬಾಗಿ, ಏನೋ ಪಿಸುಗುಟ್ಟಿದರು.

“ಕೇಳಿಸ್ಲಿಲ್ಲ ಸಾರ್, ಜೋರಾಗಿ ಹೇಳಿ.”

“ಆಂ?” ಎಂದರು ಅವರು, ಕಿವಿಗೆ ಕೈ ಹಿಡಿದು.

“ಜೋರಾಗಿ ಹೇಳಿ ಅಂದೆ!”

“ಏನು?”

ಹೀಗೆ ಸ್ವಲ್ಪ ಹೊತ್ತು ಇಬ್ಬರೂ ಒಬ್ಬರಿಗೊಬ್ಬರು “ಆಂ” ಎನ್ನುತ್ತ ನಿಂತೆವು. ಕೋಳಿ ಅಂಗಡಿಯವನು ಕತ್ತಿ ಕೆಳಗಿಟ್ಟು ಹೊರಗೆ ಬಂದು ನೋಡಿದ. ಕಡೆಗೆ ಗುಂಡಿ ಬರೀ ನೆಪವೆಂದು ಹೊಳೆದು, ನಾನು ಸ್ಟೂಲು ಎಳೆದು ಅವರನ್ನು ಎದುರಿಗೆ ಕೂರಿಸಿ, ಒಂದು ಕಿವಿಯಿಂದ ಮೆಷಿನ್ ತೆಗೆದು ಅವರ ಅಂಗೈ ಮೇಲಿಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಕ್ಕಿಮರಿಯನ್ನು ಹಿಡಿದ ಹಾಗೆ ಹಿಡಿದಿದ್ದರು.

“ನೋವಾಗ್ತೈತಾ?” ಎಂದು ಕೇಳಿದರು. ಈ ಸಲ ಅವರ ತುಟಿ ಓದಿದೆ.

“ಮೆಷಿನ್ ಹಾಕೋದ್ರಿಂದ ನೋವಿಲ್ಲ ಸಾರ್,” ಎಂದೆ, ಒಂದೊಂದೇ ಪದ ಬಿಡಿಸಿ. “ಹೇಳ್ಕೊಳ್ಳೋಕೆ ಮೊದ್ಲು ಸ್ವಲ್ಪ ಆಗ್ತೈತೆ.”

ಅವರಿಗೆ ಅರ್ಥವಾಗಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ತಲೆಯಾಡಿಸಿ, ತುಂಬ ಮರ್ಯಾದೆಯಿಂದ, “ಹೂಂ,” ಎಂದರು. ನಾನು ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ.